ನಾಯಿಗೆ ಲಸಿಕೆ: ವರ್ಷಕ್ಕೊಮ್ಮೆಯೋ, ಮೂರು ವರ್ಷಕ್ಕೊಮ್ಮೆಯೋ?

ನಿಮ್ಮ ನಾಯಿಯ ಲಸಿಕೆ ಪುಸ್ತಕವನ್ನೊಮ್ಮೆ ತೆರೆಯಿರಿ. ಪ್ರತಿ ಸಾಲಿನಲ್ಲೂ ಔಷಧದ ಸೀಸೆಯಿಂದ ಕಿತ್ತು ಅಂಟಿಸಿದ ಪುಟ್ಟ ಲೇಬಲ್, ಪಕ್ಕದಲ್ಲಿ ಲಸಿಕೆ ಹಾಕಿದ ದಿನ, ಮತ್ತೆ ಬರಬೇಕಾದ ದಿನ, ವೈದ್ಯರ ಸಹಿ ಇರುತ್ತವೆ. ನಮ್ಮಲ್ಲಿ ಹೆಚ್ಚಿನವರ ಕಣ್ಣು ಹೋಗುವುದು ಮತ್ತೆ ಬರಬೇಕಾದ ದಿನದ ಕಡೆಗೆ ಮಾತ್ರ. ನಿಜಕ್ಕೂ ಓದಬೇಕಾದ್ದು ಲೇಬಲ್ ಅನ್ನು. ಒಂದೊಂದು ಲಸಿಕೆಯ ಬಾಳಿಕೆ ಒಂದೊಂದು ಥರ. ಎಲ್ಲಕ್ಕೂ ಒಂದೇ ಲೆಕ್ಕ ಹಿಡಿದರೆ ಕೆಲವು ಲಸಿಕೆ ಅನಗತ್ಯವಾಗಿ ಮತ್ತೆ ಮತ್ತೆ ಬೀಳುತ್ತದೆ, ಬೇಕಾದದ್ದು ತಪ್ಪಿಹೋಗುತ್ತದೆ.

ಮೊದಲು ಅಕ್ಷರಗಳನ್ನು ಬಿಡಿಸಿಕೊಳ್ಳಿ

ಲೇಬಲ್ ಮೇಲೆ ಡಿ ಎಂದಿದ್ದರೆ ಡಿಸ್ಟೆಂಪರ್, ಅಂದರೆ ಉಸಿರಾಟ, ಹೊಟ್ಟೆ, ನರಗಳನ್ನು ಕಾಡುವ ವೈರಸ್ ರೋಗ. ಎಚ್ ಅಥವಾ ಎ ಎಂದರೆ ಅಡೆನೊವೈರಸ್‌ನಿಂದ ಬರುವ ಯಕೃತ್ತಿನ ಉರಿಯೂತ. ಪಿ ಎಂದರೆ ಕರುಳಿಗೆ ತಗಲುವ ವೈರಸ್ ರೋಗ ಪಾರ್ವೊ, ಪಿಐ ಎಂದರೆ ಕೆಮ್ಮು ತರುವ ವೈರಸ್ ಪ್ಯಾರಾಇನ್‌ಫ್ಲುಯೆಂಜಾ, ಎಲ್ ಎಂದರೆ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ. ಆರ್ ಎಂದರೆ ರೇಬೀಸ್. ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂದು ಕರೆಯುವುದು ಇವುಗಳನ್ನೇ ಬೇರೆ ಬೇರೆ ರೀತಿಯಲ್ಲಿ ಕೂಡಿಸಿದ ಚುಚ್ಚುಮದ್ದು. ಸಂಖ್ಯೆ ದೊಡ್ಡದಾದಷ್ಟೂ ಲಸಿಕೆ ಒಳ್ಳೆಯದು ಎಂದೇನೂ ಇಲ್ಲ. ಕೆಲವದರಲ್ಲಿ ಸೇರಿರುವ ನಾಯಿಗಳ ಕೊರೊನಾ ಲಸಿಕೆಯನ್ನು ವಿಶ್ವ ಸಣ್ಣ ಪ್ರಾಣಿ ಪಶುವೈದ್ಯ ಸಂಘ ಶಿಫಾರಸೇ ಮಾಡುವುದಿಲ್ಲ.

ಮೂರು ವರ್ಷ ಯಾವುದಕ್ಕೆ, ಒಂದು ವರ್ಷ ಯಾವುದಕ್ಕೆ?

ಡಿಸ್ಟೆಂಪರ್, ಅಡೆನೊ, ಪಾರ್ವೊ ಲಸಿಕೆಗಳಲ್ಲಿ ಸಾಮಾನ್ಯವಾಗಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಅದು ದೇಹದೊಳಗೆ ಸ್ವಲ್ಪ ಬೆಳೆದು, ರೋಗನಿರೋಧಕ ವ್ಯವಸ್ಥೆಗೆ ಗಟ್ಟಿ ಪಾಠ ಕಲಿಸುತ್ತದೆ. ಆ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಮರಿಯಲ್ಲಿ ಸರಣಿ ಸರಿಯಾಗಿ ಮುಗಿದಿದ್ದರೆ, ದೊಡ್ಡ ನಾಯಿಗೆ ಈ ಮೂರನ್ನು 3 ವರ್ಷಕ್ಕಿಂತ ಬೇಗ ಮತ್ತೆ ಹಾಕಬೇಕಿಲ್ಲ ಎಂಬುದು ಅದೇ ಸಂಘದ ಮಾರ್ಗಸೂಚಿ.

ಇಲಿಜ್ವರದ ಲಸಿಕೆಯ ಕಥೆಯೇ ಬೇರೆ. ಅದರಲ್ಲಿರುವುದು ಕೊಂದ ಬ್ಯಾಕ್ಟೀರಿಯಾ. ಅದರ ರಕ್ಷಣೆ ಸುಮಾರು ಒಂದು ವರ್ಷ. ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ ಒಂದು. ಬಹಳ ತಡವಾಯಿತೆಂದರೆ ಮತ್ತೆ ಎರಡು ಡೋಸ್‌ನಿಂದ ಶುರು.

ವೈದ್ಯರು ಸಿರಿಂಜ್ ತುಂಬಿಸುವಾಗ ಗಮನವಿಟ್ಟು ನೋಡಿ. ಅವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಸೀಸೆ ಇರುತ್ತವೆ. ಒಂದರ ತಳದಲ್ಲಿ ಒಣಗಿಸಿದ ಬಿಳಿ ಬಿಲ್ಲೆ, ಇನ್ನೊಂದರಲ್ಲಿ ದ್ರವ. ಬಿಲ್ಲೆಯಲ್ಲಿ ವೈರಸ್‌ಗಳ ಲಸಿಕೆ. ಅದನ್ನು ಕರಗಿಸುವ ದ್ರವವೇ ಎಷ್ಟೋ ಸಲ ಇಲಿಜ್ವರದ ಲಸಿಕೆ. ಹಾಗಿದ್ದಲ್ಲಿ ಬಿಲ್ಲೆಯ ಸರದಿ ಬಾರದ ವರ್ಷ ದ್ರವವೊಂದನ್ನೇ ಹಾಕಿಸಬಹುದು. ‘ಡಾಕ್ಟ್ರೇ, ಈ ವರ್ಷ ಲೆಪ್ಟೊ ಒಂದೇ ಸಾಕಾಗುತ್ತದೆಯೇ?’ ಎಂದು ಕೇಳಲು ಸಂಕೋಚ ಬೇಡ. ಅದು ಸರಿಯಾದ ಪ್ರಶ್ನೆ.

ಮರಿಯ ವಿಷಯದಲ್ಲಿ ರಿಯಾಯಿತಿ ಇಲ್ಲ

ದೊಡ್ಡ ನಾಯಿಗೆ ಅಂತರ ಹೆಚ್ಚಿಸಬಹುದು ಎಂಬ ಮಾತು ನಿಂತಿರುವುದೇ ಮರಿಗೆ ಹಾಕಿದ ಲಸಿಕೆಯ ಮೇಲೆ. ತಾಯಿಯ ಗಿಣ್ಣುಹಾಲಿನ ಜೊತೆ ಪ್ರತಿಕಾಯಗಳೂ ಮರಿಗೆ ಬರುತ್ತವೆ. ಅವು ರೋಗವನ್ನು ತಡೆಯುವಂತೆಯೇ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವ ವಾರ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ, ಒಂದೇ ಸೂಲಿನ ಮರಿಗಳಲ್ಲೂ ಬೇರೆ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು. ಕೊನೆಯ ಡೋಸ್ 16 ವಾರ ತುಂಬಿದ ಮೇಲೇ ಬೀಳಬೇಕು. ಡೋಸ್ ಎಷ್ಟಾಯಿತು ಎಂಬುದಕ್ಕಿಂತ ಕೊನೆಯದು ಯಾವ ವಯಸ್ಸಿಗೆ ಬಿತ್ತು ಎಂಬುದು ಮುಖ್ಯ.

ಇದನ್ನು ನಾನು ಕಲಿತದ್ದು ತಡವಾಗಿ. ನಮ್ಮ ಮೊದಲ ಮರಿಗೆ ಹತ್ತು ವಾರಕ್ಕೇ ಎರಡು ಡೋಸ್ ಆಗಿತ್ತು, ಮುಗಿಯಿತು ಎಂದುಕೊಂಡೆವು. ಹದಿಮೂರನೇ ವಾರ ವಾಂತಿ, ಆಮೇಲೆ ರಕ್ತಭೇದಿ. ಪಾರ್ವೊ. ಐದನೇ ದಿನ ಅದು ನೀರಿನ ಬಟ್ಟಲಿನ ಅಂಚಿಗೆ ಗಲ್ಲವಿಟ್ಟುಕೊಂಡು ಮಲಗಿತ್ತು, ಕುಡಿಯುವ ತ್ರಾಣವಿರಲಿಲ್ಲ. ಅದೇ ದಿನ ಹೋಯಿತು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರಿಯ ಸೋಪು ನೀರಿಗೆ ಸಾಯುವುದಿಲ್ಲ.

ಸರಣಿ ಮುಗಿದ ಮೇಲೂ ಇನ್ನೊಂದು ಡೋಸ್ ಇದೆ. ಹಿಂದೆ ಅದನ್ನು ವರ್ಷ ತುಂಬಿದಾಗ ಹಾಕುತ್ತಿದ್ದರು. 16 ವಾರಕ್ಕೂ ಲಸಿಕೆ ಹಿಡಿಯದ ಮರಿ ಅಲ್ಲಿಯವರೆಗೆ ಬಯಲಲ್ಲಿ ನಿಂತಂತೆ ಎಂಬ ಕಾರಣಕ್ಕೆ ಈಗ 26 ವಾರ, ಅಂದರೆ ಆರು ತಿಂಗಳ ಹೊತ್ತಿಗೇ ಹಾಕಿಸಲು ಹೇಳುತ್ತಾರೆ. ಮೂರು ವರ್ಷದ ಎಣಿಕೆ ಶುರುವಾಗುವುದು ಅದಾದ ಮೇಲೆ.

ರೇಬೀಸ್: ಇಲ್ಲಿ ಲೆಕ್ಕ ಕಾನೂನಿನದು

ಮೊದಲ ಡೋಸ್ ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ, ಎರಡನೆಯದು ಒಂದು ವರ್ಷದ ನಂತರ. ಮುಂದೆ ವರ್ಷಕ್ಕೊಮ್ಮೆಯೋ ಮೂರು ವರ್ಷಕ್ಕೊಮ್ಮೆಯೋ ಎಂಬುದನ್ನು ಲಸಿಕೆಯ ಲೇಬಲ್ ಮತ್ತು ನೀವಿರುವ ಕಡೆಯ ಕಾನೂನು ನಿರ್ಧರಿಸುತ್ತವೆ. ಕಾನೂನು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೊಮ್ಮೆಯೇ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ನಾಯಿಯೂ ಉಳಿಯದು, ಮನುಷ್ಯ ಉಳಿಯುವುದೂ ಇಲ್ಲವೆನ್ನುವಷ್ಟು ಅಪರೂಪ. ಲಸಿಕೆ ಆಗಿರುವ ನಾಯಿಗೆ ಬೇರೆ ಪ್ರಾಣಿ ಕಚ್ಚಿದರೂ ತಕ್ಷಣ ವೈದ್ಯರ ಹತ್ತಿರ ಒಯ್ಯಿರಿ, ಬೂಸ್ಟರ್ ಬೇಕಾಗಬಹುದು.

ನಿಮ್ಮ ನಾಯಿ ಹೋಗುವುದೆಲ್ಲಿ, ಕುಡಿಯುವುದೇನು?

ಇಲಿಗಳು ಓಡಾಡುವ ಜಾಗ, ನಿಂತ ನೀರು, ಕೆಸರು ಇದ್ದ ಕಡೆ ಇಲಿಜ್ವರದ ಲಸಿಕೆ ತಪ್ಪಿಸಬೇಡಿ. ಅದು ನಾಯಿಯ ಮೂತ್ರದಿಂದ ಮನೆಯವರಿಗೂ ಹರಡಬಲ್ಲದು. ಬೋರ್ಡಿಂಗ್, ತರಬೇತಿ ಕೇಂದ್ರಕ್ಕೆ ಬಿಡುವ ನಾಯಿಗೆ ಕೆನ್ನೆಲ್ ಕಾಫ್, ಅಂದರೆ ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿನ ಲಸಿಕೆಯೂ ವರ್ಷಕ್ಕೊಮ್ಮೆ.

ಮೂರು ವರ್ಷ ಆದ ಮೇಲೂ ನಾಯಿಗೆ ರೋಗನಿರೋಧಕ ಶಕ್ತಿ ಉಳಿದಿದೆಯೇ ಎಂದು ತಿಳಿಯಲು ಟೈಟರ್ ಎಂಬ ರಕ್ತಪರೀಕ್ಷೆ ಇದೆ. ಡಿಸ್ಟೆಂಪರ್, ಅಡೆನೊ, ಪಾರ್ವೊ ಮೂರಕ್ಕೂ ಅದನ್ನು ನಂಬಬಹುದು. ಹಿಂದೆ ಲಸಿಕೆಗೆ ಅಲರ್ಜಿಯಾದ ನಾಯಿಗೆ ಇದು ದೊಡ್ಡ ಉಪಕಾರ. ಇಲಿಜ್ವರಕ್ಕೆ ಮಾತ್ರ ಈ ಪರೀಕ್ಷೆ ಪ್ರಯೋಜನವಿಲ್ಲ.

ಹಾಕಿಸುವ ದಿನ

ಜ್ವರ, ಭೇದಿ ಇದ್ದರೆ ಮುಂದೂಡಿ. ಗಬ್ಬದ ನಾಯಿಯಾಗಿದ್ದರೆ ಮೊದಲೇ ಹೇಳಿ. ಪುಟ್ಟ ನಾಯಿ ಎಂದು ಅರ್ಧ ಡೋಸ್ ಹಾಕಿಸಬೇಡಿ, ಡೋಸ್ ತೂಕದ ಲೆಕ್ಕದ್ದಲ್ಲ; ಬದಲಿಗೆ ಬೇರೆ ಬೇರೆ ಲಸಿಕೆಗಳನ್ನು ಕೆಲವು ವಾರ ಬಿಟ್ಟು ಹಾಕಿಸಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದು ದಿನ ಮಂಕಾಗಿರುವುದು ಸಹಜ. ಮುಖ ಊದಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಉಸಿರು ಕಟ್ಟಿದರೆ ಕಾಯಬೇಡಿ, ವಾಪಸ್ ಓಡಿ.

ಪುಸ್ತಕವೇ ಇಲ್ಲದ, ದತ್ತು ಬಂದ ದೊಡ್ಡ ನಾಯಿಯಾದರೆ? ಲಸಿಕೆ ಆಗಿಲ್ಲವೆಂದೇ ತಿಳಿದುಕೊಂಡು ಶುರುಮಾಡಿ. ಜೀವಂತ ವೈರಸ್ ಲಸಿಕೆ ಆ ವಯಸ್ಸಿಗೆ ಸಾಮಾನ್ಯವಾಗಿ ಒಂದೇ ಡೋಸ್‌ಗೆ ಹಿಡಿಯುತ್ತದೆ. ಹಲವು ವೈದ್ಯರು ಖಾತ್ರಿಗೆ ಎರಡು ಹಾಕುತ್ತಾರೆ. ಜೊತೆಗೆ ರೇಬೀಸ್, ಮತ್ತು ಇಲಿಜ್ವರದ ಎರಡು ಡೋಸ್. ಲೇಬಲ್‌ಗಳನ್ನು ಹೊಸ ಪುಸ್ತಕಕ್ಕೆ ಅಂಟಿಸಿ, ಆಸ್ಪತ್ರೆಯಿಂದ ಹೊರಡುವ ಮೊದಲೇ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.