ಸಮನ್ಸ್ ಹಿಂಬದಿಯ ಷರಾ

ಪಾಲಿನ ದಾವೆ ಎಂದರೆ ಪ್ರತಿವಾದಿಗಳ ದಂಡೇ ಇರುತ್ತದೆ. ಅಣ್ಣ ಊರಲ್ಲಿ, ಅಕ್ಕ ಮುಂಬೈಯಲ್ಲಿ, ತೀರಿಹೋದ ತಮ್ಮನ ಮಕ್ಕಳು ಇನ್ನೆಲ್ಲೋ. ಎಲ್ಲರಿಗೂ ಸಮನ್ಸ್ ಜಾರಿಯಾಗುವ ತನಕ ಕೇಸು ಅಲುಗಾಡುವುದಿಲ್ಲ. ಅದಕ್ಕೇ ವಕಾಲತ್ತಿಗೆ ಸಹಿ ಹಾಕಿಸುವ ದಿನ ನಾನು ಕಕ್ಷಿದಾರರನ್ನು ಜಮೀನಿಗಿಂತ ಹೆಚ್ಚಾಗಿ ವಿಳಾಸ ಕೇಳಿ ಕಾಡುತ್ತೇನೆ. ಮನೆ ಎದುರು ಯಾವ ಗುಡಿ, ಹೊಲಕ್ಕೆ ಎಷ್ಟು ಹೊತ್ತಿಗೆ ಹೋಗುತ್ತಾರೆ, ಊರವರು ಏನೆಂದು ಕರೆಯುತ್ತಾರೆ, ಎಲ್ಲವೂ ಬೇಕು. ಪಹಣಿಯಲ್ಲಿರುವ ಹೆಸರು ಹಿಡಿದು ವಿಚಾರಿಸಿದರೆ ಎಷ್ಟೋ ಸಲ ಪಕ್ಕದ ಮನೆಯವರಿಗೂ ಗುರುತು ಹತ್ತುವುದಿಲ್ಲ.

ಪಿ.ಎಫ್. (ಸಮನ್ಸ್ ಜಾರಿಗೆ ಕೋರ್ಟಿಗೆ ಕಟ್ಟುವ ಪ್ರೊಸೆಸ್ ಫೀ) ಕಟ್ಟುವುದು, ದಾವಾ ಪ್ರತಿ ಲಗತ್ತಿಸುವುದು ಗುಮಾಸ್ತರ ಕೆಲಸ. ಸಮನ್ಸ್ ಜಾರಿ ಮಾಡುವ ಕೋರ್ಟ್ ಸಿಬ್ಬಂದಿ, ಅಂದರೆ ಅಮೀನರು, ಹಿಂದಿರುಗಿಸಿದ ಸಮನ್ಸ್ ಮಾತ್ರ ನಾನೇ ತಿರುವಿ ನೋಡುತ್ತೇನೆ. ‘ಮನೆಗೆ ಬೀಗ ಇದ್ದುದರಿಂದ ಬಾಗಿಲಿಗೆ ಅಂಟಿಸಿದೆ’ ಎಂದಷ್ಟೇ ಷರಾ ಇದ್ದರೆ ನನಗೆ ಸಾಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 17ರ ಪ್ರಕಾರ ಅಂಟಿಸಬೇಕಾದರೆ ಆಸಾಮಿ ಸಹಿ ಹಾಕಲು ಒಪ್ಪದಿರಬೇಕು, ಇಲ್ಲವೇ ಸಾಕಷ್ಟು ಹುಡುಕಿಯೂ ಸಿಗದಿರಬೇಕು. ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದ್ದು ಎಂಬ ಹೆಸರು, ವಿಳಾಸವೂ ವರದಿಯಲ್ಲಿರಬೇಕು. ಮನೆಯಲ್ಲಿದ್ದ ಹೆಂಡತಿ ಅಥವಾ ವಯಸ್ಕ ಮಗ ತೆಗೆದುಕೊಂಡರೆ ನಡೆಯುತ್ತದೆ. ಆಳಿನ ಕೈಗೆ ಕೊಟ್ಟರೆ ನಡೆಯುವುದಿಲ್ಲ.

ಷರಾ ಹೀಗೆ ಅರೆಬರೆ ಇದ್ದರೆ ವಾದಿ ಪರ ವಕೀಲನಾದ ನಾನೇ ಹೊಸ ಸಮನ್ಸ್ ಕೇಳುತ್ತೇನೆ. ‘ಎಕ್ಸ್ ಪಾರ್ಟಿ ಮಾಡಿಸಿ ಡಿಕ್ರಿ ತಗೋಳ್ರಿ’, ಅಂದರೆ ಪ್ರತಿವಾದಿ ಇಲ್ಲದೆಯೇ ಏಕಪಕ್ಷೀಯ ತೀರ್ಪು ಪಡೆಯಿರಿ, ಎಂದು ಜೊತೆಯವರು ನಗುತ್ತಾರೆ. ಆದರೆ ಆದೇಶ 9, ನಿಯಮ 13ರಡಿ ಡಿಕ್ರಿ ರದ್ದು ಕೋರಲು ಇರುವ 30 ದಿನ, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿಯ ವಿಷಯ ಪ್ರತಿವಾದಿಗೆ ಗೊತ್ತಾದ ದಿನದಿಂದ ಶುರು. ಅಷ್ಟರಲ್ಲಿ ಜಮೀನು ಅಳತೆಯಾಗಿ, ಬದು ಬಿದ್ದು, ಅರ್ಧ ಮಾರಾಟವೂ ಆಗಿರಬಹುದು.

ಕೋರ್ಟಿನ ಅನುಮತಿ ಪಡೆದು ವಾದಿಯೇ ಸಮನ್ಸ್ ಕೊಡಲು ಆದೇಶ 5ರ ನಿಯಮ 9ಎ ಅವಕಾಶ ಕೊಡುತ್ತದೆ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ನಾನು ಆ ದಾರಿ ಹಿಡಿಯುವುದಿಲ್ಲ, ಕಾಗದ ಹಿಡಿದು ಹೋದವನು ಕ್ರಿಮಿನಲ್ ಕೇಸು ತಲೆಗೆ ಕಟ್ಟಿಕೊಂಡು ಬಂದಾನು! ಮುಂಬೈ ಅಕ್ಕನಿಗೆ ಅಂಚೆಯ ಮೂಲಕವೂ ಅಲ್ಲಿನ ಕೋರ್ಟಿನ ಮೂಲಕವೂ ಕಳಿಸುತ್ತೇನೆ. ಯಾವುದೂ ಫಲಿಸದಿದ್ದರೆ ಕೊನೆಗೆ ಅದೇ ಆದೇಶದ ನಿಯಮ 20ರ ಪತ್ರಿಕಾ ಪ್ರಕಟಣೆ. ಅದೂ ಆಕೆ ಕೊನೆಗೆ ವಾಸವಿದ್ದ ಕಡೆ ಓದುವ ದಿನಪತ್ರಿಕೆಯಲ್ಲೇ ಬರಬೇಕು, ನಮ್ಮ ಜಿಲ್ಲೆಯ ಪತ್ರಿಕೆ ಅಲ್ಲಿಗೆ ತಲುಪುವುದಿಲ್ಲ.

ಪ್ರತಿಯೊಬ್ಬರಿಗೂ ಜಾರಿಯಾದ ದಿನಾಂಕವನ್ನು ಫೈಲಿನ ಒಳರಟ್ಟಿಗೆ ಬರೆದಿಡುತ್ತೇನೆ. ಪ್ರತಿವಾದಿ ತನ್ನ ಉತ್ತರವನ್ನು ಬರೆದು ಕೊಡುವ ಲಿಖಿತ ಹೇಳಿಕೆಗೆ ಆ ದಿನದಿಂದ 30 ದಿನ, ಕಾರಣ ತೋರಿಸಿದರೆ 90. ಪ್ರತಿಯೊಬ್ಬ ಪ್ರತಿವಾದಿಯ ಲೆಕ್ಕವೂ ಬೇರೆ ಬೇರೆ.