ದತ್ತು ಹೋದ ಗ್ರೇಹೌಂಡ್ ವಾಪಸ್ ಬರದಂತೆ ಮಾಡಿದ್ದು: ನನ್ನ ಅನುಭವ

ರೇಸ್ ಬಿಟ್ಟ ಗ್ರೇಹೌಂಡನ್ನು (ಓಟದ ಪಂದ್ಯಕ್ಕೆ ಸಾಕುವ ನಾಯಿ ತಳಿ) ದತ್ತು ಕೊಟ್ಟ ಮೂರನೇ ವಾರ "ನಮ್ಮಿಂದಾಗಲ್ಲ, ಕರ್ಕೊಂಡು ಹೋಗಿ" ಅಂತ ಫೋನ್ ಬಂದರೆ, ಕಾರಣ ಹೆಚ್ಚಾಗಿ ಬೆಕ್ಕನ್ನು ಅಟ್ಟಿಸಿದ್ದೂ ಅಲ್ಲ, ಕಚ್ಚಿದ್ದೂ ಅಲ್ಲ. ಮನೆಯವರು ಹೊರಗೆ ಹೋದಾಗ ಊಳಿಡುವುದು, ಬಾಗಿಲು ಪರಚುವುದು, ನಿಂತಲ್ಲೇ ಉಚ್ಚೆ. ಮರಿಯಿಂದಲೂ ನಾಯಿಗಳನ್ನು ಸಾಲಾಗಿ ಕೂಡಿಡುವ ಕೆನೆಲ್‌ನಲ್ಲಿ ಅಕ್ಕಪಕ್ಕ ನಾಯಿಗಳನ್ನಿಟ್ಟುಕೊಂಡೇ ಮಲಗಿದ್ದಕ್ಕೆ ಒಂಟಿಯಾಗಿರುವುದು ಗೊತ್ತೇ ಇರುವುದಿಲ್ಲ. ಅದನ್ನು ಫಾಸ್ಟರ್ ಮನೆಯಲ್ಲೇ (ದತ್ತು ಹೋಗುವ ತನಕ ತಾತ್ಕಾಲಿಕವಾಗಿ ಸಾಕುವ ಮನೆ) ಕಲಿಸಿ ಕಳಿಸೋಣ ಅಂದಾಗ ನಾಯಿ ದತ್ತು ಕೊಡುವ ಜೊತೆಯವರು ನಕ್ಕರು: ಇನ್ನೂ ನಾಲ್ಕು ವಾರ ಸಾಕುವುದು ಯಾರು, ಅಷ್ಟರಲ್ಲಿ ಇನ್ನೊಂದು ನಾಯಿ ತರಬಹುದಲ್ಲ! ಮೊದಲು ನಾಲ್ಕರಲ್ಲಿ ಒಂದು ವಾಪಸ್ ಬರುತ್ತಿತ್ತು, ಈಗ ಅಂದಾಜು ಇಪ್ಪತ್ತರಲ್ಲಿ ಒಂದು. ನಕ್ಕವರೇ ಈಗ ವಿಧಾನ ಕೇಳುತ್ತಾರೆ.

ಕೈಕೊಟ್ಟ ಉಪಾಯಗಳು ಬಹಳ. ರೇಡಿಯೊ ಹಾಕಿಟ್ಟು ಹೋದರೆ ಕೆಲವೇ ದಿನಕ್ಕೆ ಆ ಸದ್ದೇ ಹೊರಡುವ ಸೂಚನೆಯಾಗಿ, ಹಾಕಿದ ಕೂಡಲೇ ಏದುಸಿರು ಶುರು. ಕೆನೆಲ್‌ನಲ್ಲಿ ತೆಪ್ಪಗಿದ್ದ ನಾಯಿ ಖಾಲಿ ಕೋಣೆಯ ಕ್ರೇಟಿನಲ್ಲಿ (ಸರಳಿನ ಪಂಜರ) ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಮೋಸ ಫಾಸ್ಟರ್ ಮನೆಯ ಇನ್ನೊಂದು ನಾಯಿ. ಅದು ಪಕ್ಕದಲ್ಲಿರುವಷ್ಟು ದಿನ ಎಲ್ಲಾ ಸರಿ, ನಾಯಿಯೇ ಇಲ್ಲದ ಮನೆಗೆ ಹೋದ ದಿನ ಬಣ್ಣ ಬಯಲು.

ಮೊದಲ ವಾರ ಹೊರಗೆ ಹೋಗುವ ಮಾತೇ ಇಲ್ಲ. ಸೊಂಟದೆತ್ತರದ ಅಡ್ಡಗೇಟು, ಅದರಾಚೆ ನಾಲ್ಕಿಂಚಿನ ಫೋಮ್ ಹಾಸಿಗೆ, ಊಟವೂ ಅಲ್ಲೇ. ನೀವು ಈಚೆ, ಕಣ್ಣಿಗೆ ಕಾಣುವಂತೆ. ಕೋಣೆಯಿಂದ ಕೋಣೆಗೆ ಹಿಂಬಾಲಿಸುವುದು ಇದರಲ್ಲೇ ಅರ್ಧ ಬಿಟ್ಟುಹೋಗುತ್ತದೆ. ಆಮೇಲೆ ಬೀಗದ ಕೈ ಎತ್ತಿ ಇಡುವುದು, ಚಪ್ಪಲಿ ಹಾಕಿ ಕೂರುವುದು, ದಿನಕ್ಕೆ ಹತ್ತು ಹದಿನೈದು ಸಲ, ಅದು ತಲೆ ಎತ್ತುವುದನ್ನು ಬಿಡುವ ತನಕ. ಬಾಗಿಲಾಚೆ ಹೋಗುವಾಗ ಹತ್ತು ಸೆಕೆಂಡ್, ನಲವತ್ತು, ಮತ್ತೆ ಇಪ್ಪತ್ತು, ಎರಡು ನಿಮಿಷ. ಬರೀ ಏರಿಸುತ್ತಾ ಹೋದರೆ ಅದಕ್ಕೆ ಲೆಕ್ಕ ಗೊತ್ತಾಗಿಬಿಡುತ್ತದೆ. ಹಳೇ ಫೋನೊಂದನ್ನು ಕ್ಯಾಮೆರಾ ಮಾಡಿಡಿ. ನಿದ್ದೆಯಿಲ್ಲದ ಆಕಳಿಕೆ, ತುಟಿ ನೆಕ್ಕುವುದು, ಕಿವಿ ನೆಟ್ಟಗಾಗುವುದು ಕಂಡರೆ ಎದ್ದು ಸುತ್ತುವ ಮೊದಲೇ ಒಳಗೆ ಬನ್ನಿ. ಊಳಿಟ್ಟರೆ ಮುಂದಿನ ಸಲ ಅರ್ಧ ಹೊತ್ತು. ನಲವತ್ತು ನಿಮಿಷ ದಾಟಿತೆಂದರೆ ನಾಲ್ಕು ಗಂಟೆ ಕಷ್ಟವಲ್ಲ. ಹತ್ತು ನಿಮಿಷದಿಂದ ನಲವತ್ತಕ್ಕೆ ದಾಟಿಸುವುದರಲ್ಲಿ ಒಂದು ಕೈಚಳಕವಿದೆ, ಅದು ನಮ್ಮ ಫಾಸ್ಟರ್‌ಗಳಿಗೆ ಮಾತ್ರ.

ದುಡ್ಡಿನ ಮಾತು. ನಾಲ್ಕು ವಾರದ ಊಟ ಏನೂ ಅಲ್ಲ, ಜೇಬು ಖಾಲಿ ಮಾಡುವುದು ಹಲ್ಲು. ಮೆತ್ತನೆಯ ಆಹಾರ ತಿಂದು ಗಾರೆಗಟ್ಟಿರುತ್ತದೆ, ನಾಲ್ಕೈದು ಕೀಳಿಸಬೇಕಾಗುವುದೂ ಉಂಟು. ಸಂತಾನಹರಣವನ್ನೂ ಹಲ್ಲನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಿದರೆ ಖರ್ಚು ಮೂರನೇ ಒಂದು ಪಾಲು ಉಳಿಯುತ್ತದೆ. ಆದರೆ ಈ ತಳಿಯಲ್ಲಿ ಶಸ್ತ್ರಚಿಕಿತ್ಸೆಯ ದಿನ ಸರಿಯಾಗಿದ್ದು, ಒಂದೆರಡು ದಿನ ಬಿಟ್ಟು ರಕ್ತ ಜಿನುಗಿ ತೊಡೆತನಕ ಕಪ್ಪಾಗುವುದುಂಟು. ಹೆಪ್ಪುಗಟ್ಟಿದ ರಕ್ತ ಬೇಗ ಕರಗಿಬಿಡುವುದೇ ಕಾರಣ. ಹೆಪ್ಪು ಕರಗದಂತೆ ತಡೆಯುವ ಔಷಧ ಟ್ರಾನೆಕ್ಸಾಮಿಕ್ ಆ್ಯಸಿಡ್ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಡಿ. ರಕ್ತ ಪರೀಕ್ಷೆಯಲ್ಲಿ ಟಿ4 (ಥೈರಾಯ್ಡ್ ಹಾರ್ಮೋನು) ಕಡಿಮೆ ಬಂತೆಂದು ಥೈರಾಯ್ಡ್ ಮಾತ್ರೆ ಬರೆದರೂ ತಡೆಯಿರಿ. ಗ್ರೇಹೌಂಡ್‌ಗೆ ಅದು ಮಾಮೂಲು, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 55–60 ಇರುವುದೂ ಮಾಮೂಲು.

ನಡುವೆ ಬಾಲದ ಪ್ರಯೋಗವೂ ಆಯಿತು. ಕಿರಿದಾದ ಹಾದಿಯಲ್ಲಿ ಖುಷಿಗೆ ಬೀಸಿ ಬೀಸಿ ಬಾಲದ ತುದಿ ಒಡೆದರೆ ಗೋಡೆಯೆಲ್ಲಾ ರಕ್ತ. ಬರೀ ಪಟ್ಟಿ ನಿಲ್ಲದೆ ಹಾರಿಹೋಗುತ್ತದೆ. ಪೈಪಿಗೆ ಸುತ್ತುವ ಫೋಮ್ ಕೊಳವೆಯನ್ನು ಒಂದು ಗೇಣು ಕತ್ತರಿಸಿ, ಗಾಳಿಗೆ ತೂತು ಮಾಡಿ, ತುದಿ ದಾಟಿ ಎರಡು ಬೆರಳು ಉಳಿಯುವಂತೆ ತೊಡಿಸಿ, ಮೇಲ್ಗಡೆ ಕೂದಲಿಗೆ ಟೇಪ್ ಹಿಡಿಸಬೇಕು. ಎರಡು ದಿನಕ್ಕೊಮ್ಮೆ ಬಿಚ್ಚಿ ನೋಡಿ. ಟೇಪ್ ಬಿಗಿಯಾದರೆ ತುದಿ ಕಪ್ಪಾಗಿ ಬಾಲವನ್ನೇ ಕತ್ತರಿಸಬೇಕಾಗುತ್ತದೆ. ಕಚ್ಚಿ ಎಳೆಯದಂತೆ ಬಾಯಿಕುಕ್ಕೆ. ಟೈಲ್ಸ್ ಮೇಲೆ ಜಾರದಿರಲಿ ಅಂತ ರಬ್ಬರ್ ತಳದ ಕಾಲುಚೀಲ ಹಾಕಿದ್ದು ಮಾತ್ರ ದಂಡ: ತಿರುಗಿ ತಿರುಗಿ ರಬ್ಬರ್ ಮೇಲಕ್ಕೆ ಬರುತ್ತದೆ. ಯೋಗಾ ಮ್ಯಾಟ್ ಕತ್ತರಿಸಿ ಹಾಸಿದ್ದೇ ವಾಸಿ.

ಕೊನೆಗೆ ದತ್ತು ತೆಗೆದುಕೊಂಡವರ ರಜೆಯ ಕಾಟ. ನಾಯಿ ಬಂತೆಂದು ಹತ್ತು ದಿನ ರಜೆ ಹಾಕಿ ಜೊತೆಗೇ ಕೂತು, ಹನ್ನೊಂದನೇ ದಿನ ಎಂಟು ಗಂಟೆ ಬಿಟ್ಟುಹೋದರೆ ನಾಲ್ಕು ವಾರದ ಕೆಲಸ ಮಣ್ಣುಪಾಲು. ರಜೆ ಹಾಕಲಿ, ಆದರೆ ಬಂದ ದಿನವೇ ಕಸ ಹಾಕುವ ನೆಪದಲ್ಲಿ ಎರಡು ನಿಮಿಷ ಹೊರಗೆ ಹೋಗಿ ಬರಬೇಕು, ಮಾರನೇ ದಿನ ಐದಾರು ಸಲ. ಇದಕ್ಕೊಪ್ಪದವರಿಗೆ ನಾನು ನಾಯಿ ಕೊಡುವುದಿಲ್ಲ.