ನಾಲ್ಕು ಗಂಟೆ ಮದುವೆ ಕ್ಯಾಸೆಟ್‌ನ ಒಂದೇ ಡಿವಿಡಿಗೆ ಇಳಿಸೋದು

ಮೊದಲು ಲೆಕ್ಕ ಹಾಕ್ಕೊಳ್ಳಿ. 4.7 ಜಿಬಿ ಡಿಸ್ಕ್, 4 ಗಂಟೆ ಅಂದ್ರೆ ಎಲ್ಲಾ ಸೇರಿ ಸುಮಾರು 2600 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಸಿಗುತ್ತೆ, ಅದರಲ್ಲಿ ಆಡಿಯೋಗೆ 192 ಬಿಟ್ಟು ಸ್ವಲ್ಪ ಜಾಗ ಉಳಿಸಿಕೊಂಡ್ರೆ ವಿಡಿಯೋಗೆ 2300. ಇಷ್ಟರಲ್ಲಿ ಚಿತ್ರದ ಸೈಜ್ 720x576 ಪಿಕ್ಸೆಲ್ ಇಡೋಕೆ ಹೋಗ್ಬೇಡಿ, 352x576 ಸಾಕು, ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ಡೀಟೇಲ್ ಇರೋದೂ ಇಲ್ಲ.

ಅಸಲಿ ಶತ್ರು ನಾಯ್ಸ್, ಅಂದ್ರೆ ಚಿತ್ರದಲ್ಲಿ ಮಿನುಗೋ ಕಾಳುಕಾಳು. ಈ ಗ್ರೇನ್ ಪ್ರತಿ ಫ್ರೇಮಲ್ಲೂ ಬದಲಾಗ್ತಾ ಇರುತ್ತಲ್ಲ, ಎನ್‌ಕೋಡರ್ (ವಿಡಿಯೋನ ಕುಗ್ಗಿಸೋ ಸಾಫ್ಟ್‌ವೇರ್) ಪಾಪ ಅದನ್ನೇ ಚಲನೆ ಅಂದ್ಕೊಂಡು ಬಿಟ್ ಸುರಿಯುತ್ತೆ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನ ಎಚ್‌ಕ್ಯೂಡಿಎನ್3ಡಿ (hqdn3d) ಅನ್ನೋ ನಾಯ್ಸ್ ತೆಗೆಯೋ ಫಿಲ್ಟರ್ ಹಾಕಿ, ಅದರ ಡಿಫಾಲ್ಟ್ 4:3:6:4.5, ನಾನಂತೂ 2:1:3:3 ರಿಂದ ಶುರು ಮಾಡ್ತೀನಿ, ಯಾಕಂದ್ರೆ ಅಕ್ಕಪಕ್ಕದ ಫ್ರೇಮ್‌ಗಳನ್ನ ಎಷ್ಟು ಬೆರೆಸ್ಬೇಕು ಅನ್ನೋ ಮೂರನೇ ನಂಬರ್ ಜಾಸ್ತಿ ಆದ್ರೆ ಆರತಿ ತಟ್ಟೆ ಹಿಂದೆ ದೆವ್ವದ ಥರ ನೆರಳು ಎಳ್ಕೊಂಡು ಬರುತ್ತೆ. ಇದನ್ನ ಸೈಜ್ ಚಿಕ್ಕದು ಮಾಡೋ ಮುಂಚೆನೇ ಹಾಕ್ಬೇಕು.

ಚಿತ್ರದ ಕೆಳ ಅಂಚಲ್ಲಿ ಕುಣಿಯೋ ಗೆರೆಗಳು ಇರ್ತವೆ ನೋಡಿ, ಅದರ ಮೇಲೆ 16 ಲೈನ್ ಕಪ್ಪು ಪಟ್ಟಿ ಎಳೀರಿ. ಡಿವಿಡಿಯ ಎಂಪೆಗ್ ಫಾರ್ಮ್ಯಾಟ್ ಚಿತ್ರನ 16x16ರ ಚೌಕಗಳಾಗಿ (ಮ್ಯಾಕ್ರೋಬ್ಲಾಕ್) ಹಂಚುತ್ತೆ, ಪಟ್ಟಿ ಸರಿಯಾಗಿ ಕೂರುತ್ತೆ, ಬಿಟ್‌ಗಳೂ ಉಳಿಯುತ್ತೆ.

ಟೂ-ಪಾಸ್ ಕಡ್ಡಾಯ, ಅಂದ್ರೆ ಎನ್‌ಕೋಡರ್ ಮೊದಲ ಸಲ ಪೂರ್ತಿ ನೋಡಿ, ಎರಡನೇ ಸಲ ಬಿಟ್ ಹಂಚೋದು. ಧಾರೆ ಮುಗಿದು ಎಲ್ರೂ ಅಕ್ಷತೆ ಎರಚೋ ಸೀನಲ್ಲೇ ಚೌಕ ಚೌಕ ಒಡೆಯೋದು, ಅಲ್ಲಿಗೆ ಬೇಕಾದ ಬಿಟ್‌ಗಳು ಊಟದ ಸಾಲಿನ ಸುಮ್ನಿರೋ ಶಾಟಿಂದ ಬರಬೇಕು, ಅದಕ್ಕೆ ಮ್ಯಾಕ್ಸಿಮಮ್ 7000 ಕೆಬಿಪಿಎಸ್ ಕೊಡಿ. ಗಾಪ್ (ಒಂದು ಪೂರ್ತಿ ಫ್ರೇಮಿಂದ ಮುಂದಿನ ಪೂರ್ತಿ ಫ್ರೇಮಿನವರೆಗಿನ ಗುಂಪು, GOP) 15 ಫ್ರೇಮ್. ಇಂಟರ್‌ಲೇಸ್, ಅಂದ್ರೆ ಒಂದು ಫ್ರೇಮ್‌ನ ಗೆರೆ ಬಿಟ್ಟು ಗೆರೆಯ ಎರಡು ಅರ್ಧಗಳಾಗಿ (ಫೀಲ್ಡ್) ತೋರಿಸೋದನ್ನ ತೆಗೀಬೇಡಿ, ಹಾಗೇ ಬಿಡಿ. ಪೂರ್ತಿ ಓಡಿಸೋ ಮುಂಚೆ ಆ ಅಕ್ಷತೆ ಸೀನೊಂದನ್ನೇ ಎರಡು ನಿಮಿಷ ಮಾಡಿ ಟಿವಿಲಿ ನೋಡಿ, ಕಂಪ್ಯೂಟರಲ್ಲಿ ನೋಡಿದ್ರೆ ಫೀಲ್ಡ್‌ಗಳ ಕ್ರಮ ಉಲ್ಟಾ ಆಗಿರೋದು ಗೊತ್ತೇ ಆಗಲ್ಲ.